ಗಯಾನಾಗೆ ಎಣ್ಣೆ ಸಿಕ್ಕಿತು, ಸರಿ. ಗಯಾನಾದವರಿಗೆ ಏನು ಸಿಕ್ಕಿತು?

ಓದುಗುಳಿ

ಕ್ರಿಕೆಟ್ ನೋಡುವ ನಮಗೆ ಗಯಾನಾ ಅಂದರೆ ಕ್ಲೈವ್ ಲಾಯ್ಡ್, ಶಿವನಾರಾಯಣ್ ಚಂದ್ರಪಾಲ್, ಪ್ರಾವಿಡೆನ್ಸ್ ಮೈದಾನ. ಅದರಾಚೆ ಆ ದೇಶದ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ದಕ್ಷಿಣ ಅಮೆರಿಕದ ಉತ್ತರದ ಅಂಚಿನಲ್ಲಿ ಕಾಡು ತುಂಬಿದ ದೇಶ. ಸಕ್ಕರೆ, ಅಕ್ಕಿ, ಚಿನ್ನ, ಬಾಕ್ಸೈಟ್ ಮಾರಿ ದಿನ ದೂಡುತ್ತಿತ್ತು. ನಾಲ್ಕಕ್ಷರ ಕಲಿತವರು ನ್ಯೂಯಾರ್ಕ್, ಟೊರಾಂಟೊ ಕಡೆ ಗಂಟುಮೂಟೆ ಕಟ್ಟುತ್ತಿದ್ದರು.

2015ರ ಮೇ ತಿಂಗಳಲ್ಲಿ ಅಮೆರಿಕದ ಎಣ್ಣೆ ಕಂಪನಿ ಎಕ್ಸಾನ್‌ಮೊಬಿಲ್‌ಗೆ ಅಲ್ಲಿನ ಕಡಲಲ್ಲಿ ಎಣ್ಣೆ ಸಿಕ್ಕಿತು. 2019ರ ಡಿಸೆಂಬರ್‌ನಲ್ಲಿ ಎಣ್ಣೆ ತೆಗೆಯೋಕೆ ಶುರು ಮಾಡಿದರು. 2020ರಲ್ಲಿ ಕೋವಿಡ್ ಹೊಡೆತಕ್ಕೆ ಜಗತ್ತೇ ಮಕಾಡೆ ಮಲಗಿದ್ದಾಗ ಗಯಾನಾದ ಜಿಡಿಪಿ ಶೇ 43ರಷ್ಟು ಏರಿತು. 2022ರಲ್ಲಿ ಶೇ 60 ದಾಟಿತು. 2025ರ ಕೊನೆಗೆ ದಿನಕ್ಕೆ ಸುಮಾರು 9 ಲಕ್ಷ ಬ್ಯಾರೆಲ್. ಜನಸಂಖ್ಯೆ 9 ಲಕ್ಷವೂ ಇಲ್ಲ. ಅಂದರೆ ಹಸುಗೂಸನ್ನೂ ಸೇರಿಸಿ ದಿನಾ ತಲೆಗೊಂದು ಬ್ಯಾರೆಲ್!

ಹಾಗಿದ್ದರೆ ಅಲ್ಲಿ ಬಡವರೇ ಇರಬಾರದು ಅಲ್ವಾ? ಆದರೆ 2024ರಲ್ಲಿ ಅಲ್ಲಿನ ಶಾಲಾ ಶಿಕ್ಷಕರು ಸಂಬಳ ಸಾಲದು ಅಂತ ವಾರಗಟ್ಟಲೆ ಮುಷ್ಕರ ಹೂಡಿದ್ದಾರೆ. ಇದು ಯಾವ ಲೆಕ್ಕ? ಗೊತ್ತಿದ್ದವರು ಬಿಡಿಸಿ ಹೇಳಿ.

ಹಳೇ_ಇಂಜಿನಿಯರ್

ನಾನು ಕಡಲಿನ ಎಣ್ಣೆ ಕೆಲಸದಲ್ಲೇ ಇದ್ದವನು. ಗಯಾನಾದಲ್ಲಲ್ಲ, ಬೇರೆ ಕಡೆ. ಆದರೆ ಅಲ್ಲಿನ ವ್ಯವಸ್ಥೆಯೂ ಇದೇ ಥರದ್ದು.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಆ ಎಣ್ಣೆ ಗಯಾನಾದ ನೆಲ ಮುಟ್ಟೋದೇ ಇಲ್ಲ. ಬಾವಿಗಳು ದಡದಿಂದ ಸುಮಾರು 190 ಕಿ.ಮೀ. ಆಚೆ, ಒಂದೂವರೆ ಕಿಲೋಮೀಟರಿಗಿಂತ ಆಳದ ನೀರಿನಲ್ಲಿವೆ. ಅವುಗಳ ಮೇಲೆ ಭಾರೀ ಹಡಗೊಂದು ಲಂಗರು ಹಾಕಿ ನಿಂತಿರುತ್ತೆ. ಅದನ್ನ ಎಫ್‌ಪಿಎಸ್‌ಒ ಅಂತಾರೆ. ಸಮುದ್ರದ ತಳದ ಬಾವಿಯಿಂದ ಪೈಪಿನಲ್ಲಿ ಮೇಲೆ ಬರುವ ಎಣ್ಣೆ, ಅನಿಲ, ನೀರು ಎಲ್ಲ ಬೇರೆ ಬೇರೆ ಆಗೋದು ಅಲ್ಲೇ. ಎಣ್ಣೆ ಆ ಹಡಗಿನ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತೆ. ಕೆಲವು ದಿನಕ್ಕೊಮ್ಮೆ ಟ್ಯಾಂಕರ್ ಬಂದು ಹಿಂದೆ ನಿಲ್ಲುತ್ತೆ, ದಪ್ಪ ಮೆದುಗೊಳವೆ ಸಿಕ್ಕಿಸಿ ತುಂಬಿಸಿಕೊಂಡು ಸೀದಾ ಯುರೋಪೋ ಏಷ್ಯಾವೋ ಅಂತ ಹೊರಡುತ್ತೆ.

2025ರ ಕೊನೆಗೆ ಅಲ್ಲಿ ಇಂಥ ನಾಲ್ಕು ಹಡಗುಗಳಿದ್ದವು. ಲೀಜಾ ಡೆಸ್ಟಿನಿ 2019, ಲೀಜಾ ಯೂನಿಟಿ 2022, ಪ್ರಾಸ್ಪೆರಿಟಿ 2023, ಒನ್ ಗಯಾನಾ 2025. ನಿಂತ ನೀರಲ್ಲೇ ಶ್ರೀಮಂತ ಆದ ದೇಶ ಅಂತ ನಾನು ತಮಾಷೆ ಮಾಡ್ತೀನಿ. ಇಷ್ಟು ವೇಗವಾಗಿ ಕೆಲಸ ಮುಗಿಸಿದ್ದು ನಮ್ಮ ವೃತ್ತಿಯವರಿಗೂ ಅಚ್ಚರಿ. ಎಣ್ಣೆ ಕಂಡ ನಾಲ್ಕೂವರೆ ವರ್ಷಕ್ಕೆ ಮೊದಲ ಬ್ಯಾರೆಲ್ ಅಂದರೆ ಆಳ ಸಮುದ್ರದಲ್ಲಿ ಸಣ್ಣ ಮಾತಲ್ಲ.

ಇಲ್ಲೇ ಇರೋದು ಗುಟ್ಟು. ಒಂದು ಹಡಗಿನಲ್ಲಿ ಒಂದು ಸಲಕ್ಕೆ ನೂರು ಚಿಲ್ಲರೆ ಜನ ಕೆಲಸ ಮಾಡ್ತಾರೆ. ಜಿಡಿಪಿ ಆಕಾಶಕ್ಕೇರಬಹುದು, ಉದ್ಯೋಗ ಆ ಪ್ರಮಾಣದಲ್ಲಿ ಏರಲ್ಲ.

ಸುಮ್ನೆ_ಓದ್ತೀನಿ

ಅಂದರೆ ಜಿಡಿಪಿ ಸಮುದ್ರದಲ್ಲಿದೆ, ಜನ ದಡದಲ್ಲಿದ್ದಾರೆ 😀

ಲೆಕ್ಕದ_ಪುಸ್ತಕ

ಓದುಗುಳಿ ಅವರೇ, ತಲೆಗೊಂದು ಬ್ಯಾರೆಲ್ ಅನ್ನೋ ಭಾಗಾಕಾರ ಚೆನ್ನಾಗಿದೆ. ಆದರೆ ಆ ಬ್ಯಾರೆಲ್‌ನಲ್ಲಿ ಗಯಾನಾದ ಪಾಲು ಎಷ್ಟು ಅಂತ ನೋಡಬೇಕು. ಕಂಪನಿಗಳ ಜೊತೆ ಸರ್ಕಾರ ಮಾಡಿಕೊಂಡ ಒಪ್ಪಂದದ ಪ್ರತಿ ಬಹಿರಂಗವಾಗಿದೆ, ಯಾರು ಬೇಕಾದರೂ ಓದಬಹುದು. ನಾನು ಕೂತು ಓದಿದೀನಿ.

ನೂರು ಬ್ಯಾರೆಲ್ ತೆಗೆದರು ಅಂತ ಇಟ್ಕೊಳ್ಳಿ. ಇದರಲ್ಲಿ 75ರವರೆಗೆ ಕಂಪನಿಗಳು ತಮ್ಮ ಖರ್ಚಿಗೆ ಅಂತ ಎತ್ತಿಕೊಳ್ಳಬಹುದು. ಹುಡುಕಿದ ಖರ್ಚು, ಬಾವಿ ಕೊರೆದ ಖರ್ಚು, ಹಡಗಿನ ಖರ್ಚು, ಎಲ್ಲ. ಉಳಿದ 25 ಲಾಭ. ಅದು ಸಮಪಾಲು. ಸರ್ಕಾರಕ್ಕೆ ಹನ್ನೆರಡೂವರೆ, ಕಂಪನಿಗಳಿಗೆ ಹನ್ನೆರಡೂವರೆ. ಇದರ ಮೇಲೆ ಕಂಪನಿಗಳು ಒಟ್ಟು ಉತ್ಪಾದನೆಯ ಶೇ 2ರಷ್ಟು ರಾಯಲ್ಟಿ ಕೊಡುತ್ತವೆ. ಅಂದರೆ ನೂರಕ್ಕೆ ಹದಿನಾಲ್ಕೂವರೆ ಗಯಾನಾದ್ದು. ಕಂಪನಿಗಳು ಅಂದರೆ ಎಕ್ಸಾನ್‌ಮೊಬಿಲ್ ಶೇ 45, ಹೆಸ್ ಶೇ 30 (ಹೆಸ್ ಅನ್ನು 2025ರಲ್ಲಿ ಶೆವ್ರಾನ್ ಕೊಂಡುಕೊಂಡಿತು), ಚೀನಾದ ಸಿನೂಕ್ ಶೇ 25.

ತೆರಿಗೆ? ಕಂಪನಿಗಳ ಪರವಾಗಿ ತೆರಿಗೆಯನ್ನ ಸರ್ಕಾರವೇ ತನ್ನ ಪಾಲಿನಿಂದ ಕಟ್ಟಿದ ಹಾಗೆ ಲೆಕ್ಕ. ಕಟ್ಟಿದ್ದಕ್ಕೆ ರಸೀದಿಯನ್ನೂ ಕಂಪನಿಗೆ ಕೊಡುತ್ತೆ. ಇದನ್ನ ಓದಿದಾಗ ನಾನು ಎರಡು ಸಲ ಕಣ್ಣುಜ್ಜಿಕೊಂಡೆ.

ಇನ್ನೊಂದು ಕೊಕ್ಕೆ ಇದೆ. ಪ್ರತಿ ಯೋಜನೆಯ ಖರ್ಚನ್ನ ಆಯಾ ಯೋಜನೆಯ ಆದಾಯದಿಂದಲೇ ಕಳೀಬೇಕು ಅನ್ನೋ ಬೇಲಿ ಈ ಒಪ್ಪಂದದಲ್ಲಿಲ್ಲ. ಹಾಗಾಗಿ ಮೊದಲ ಹಡಗಿನ ಎಣ್ಣೆ ಮಾರಿದ ಹಣದಲ್ಲಿ ಐದನೇ ಹಡಗಿನ ಖರ್ಚು ಕಳೆಯಬಹುದು. ಹೊಸ ಯೋಜನೆ ಶುರುವಾಗುತ್ತಿದ್ದಷ್ಟು ದಿನ ಖರ್ಚಿನ ಬಾಬ್ತು ಬರಿದಾಗೋದು ತಡವಾಗುತ್ತೆ.

ಬಿಸಿಲುಮಳೆ

ಇದು ಹಗಲುದರೋಡೆ ಅಲ್ವಾ? ಇದಕ್ಕೆ ಸಹಿ ಹಾಕಿದವರು ಯಾರು?

ಲೆಕ್ಕದ_ಪುಸ್ತಕ

ಮೂಲ ಒಪ್ಪಂದ 1999ರದ್ದು ಮೇಡಂ, ಜಾನೆಟ್ ಜೇಗನ್ ಅಧ್ಯಕ್ಷರಾಗಿದ್ದಾಗ ಆದದ್ದು. ಆಗ ಅಲ್ಲಿ ಎಣ್ಣೆ ಇದೆ ಅಂತ ಯಾರಿಗೂ ಖಾತ್ರಿ ಇರಲಿಲ್ಲ. ಕೊರೆದ ಬಾವಿಗಳು ಖಾಲಿ ಬಂದಿದ್ದವು. ಅಂಥ ಜಾಗಕ್ಕೆ ಕಂಪನಿ ಬರಬೇಕಾದರೆ ಷರತ್ತು ಸಡಿಲ ಇರಲೇಬೇಕು. ಅದು ಅರ್ಥವಾಗುತ್ತೆ.

ಅರ್ಥವಾಗದ್ದು 2016. ಅಷ್ಟೊತ್ತಿಗೆ ಎಣ್ಣೆ ಸಿಕ್ಕಾಗಿತ್ತು. ಡೇವಿಡ್ ಗ್ರೇಂಜರ್ ಸರ್ಕಾರ ಹೊಸದಾಗಿ ಸಹಿ ಹಾಕಿತು. ಸಿಕ್ಕಿದ್ದೇನು? ರಾಯಲ್ಟಿ ಶೇ 1 ಇದ್ದದ್ದು ಶೇ 2 ಆಯಿತು, ಜೊತೆಗೆ 18 ಮಿಲಿಯನ್ ಡಾಲರ್ ಸಹಿ ಬೋನಸ್. ಆ ಬೋನಸ್ ವಿಷಯವನ್ನೂ ಜನರಿಗೆ ಹೇಳಿರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಬಯಲಾಯಿತು. ವೆನೆಜುವೆಲಾ ಜೊತೆಗಿನ ಗಡಿ ವ್ಯಾಜ್ಯಕ್ಕೆ ವಕೀಲರ ಫೀಸು ಕಟ್ಟಬೇಕಿತ್ತು, ಅದಕ್ಕೆ ಬೇರೆ ಇಟ್ಟಿದ್ದೆವು ಅಂತ ಸಮಜಾಯಿಷಿ ಕೊಟ್ಟರು. ಐಎಂಎಫ್ ಕೂಡ ಈ ಷರತ್ತುಗಳು ಹೂಡಿಕೆದಾರರ ಕಡೆ ಜಾಸ್ತಿ ವಾಲಿವೆ ಅಂತ ಹೇಳಿದೆ.

ಹಳೇ_ಇಂಜಿನಿಯರ್

ಲೆಕ್ಕದವರೇ, ನಿಮ್ಮ ಮಾತಿಗೆ ನನ್ನ ಅರ್ಧ ಒಪ್ಪಿಗೆ ಮಾತ್ರ. 2015ರ ಮೇನಲ್ಲಿ ಎಣ್ಣೆ ಸಿಕ್ಕ ಸುದ್ದಿ ಬಂದ ಕೆಲವೇ ದಿನಕ್ಕೆ ಪಕ್ಕದ ವೆನೆಜುವೆಲಾದ ಆಗಿನ ಅಧ್ಯಕ್ಷ ಮಡೂರೊ ಆದೇಶ ಹೊರಡಿಸಿ ಆ ಕಡಲು ನಮ್ಮದು ಅಂದುಬಿಟ್ಟ. ಗಯಾನಾದ ಸೇನೆ ಎಷ್ಟು ದೊಡ್ಡದು? ಅಮೆರಿಕದ ದೊಡ್ಡ ಕಂಪನಿ ಅಲ್ಲಿ ಗಟ್ಟಿಯಾಗಿ ಕೂತಿರಲಿ ಅನ್ನೋದು ಅವರಿಗೆ ದುಡ್ಡಿನ ಲೆಕ್ಕವಷ್ಟೇ ಆಗಿರಲಿಲ್ಲ. ಕಂಪನಿ ಕಾಲು ಕಿತ್ತರೆ ಎಣ್ಣೆಯೂ ಇಲ್ಲ, ರಕ್ಷಣೆಯೂ ಇಲ್ಲ.

ಆಮೇಲೆ ಶೇ 75 ಅನ್ನೋದು ಕಂಪನಿಗೆ ಬರುವ ಲಾಭ ಅಲ್ಲ, ಹಾಕಿದ ಬಂಡವಾಳ ವಾಪಸ್ ಬರೋದು. ಅದು ತೀರಿದ ಮೇಲೆ ಹಂಚಿಕೊಳ್ಳುವ ಭಾಗ ದೊಡ್ಡದಾಗುತ್ತೆ, ಸರ್ಕಾರದ ಪಾಲೂ ಏರುತ್ತೆ.

ಲೆಕ್ಕದ_ಪುಸ್ತಕ

ಸರಿ ಸರ್. ಆದರೆ ಹಾಕಿದ ಬಂಡವಾಳ ಎಷ್ಟು ಅಂತ ನೋಡೋರು ಯಾರು? ಅಲ್ಲೇ ಇರೋದು ಕಥೆ.

1999ರಿಂದ 2017ರವರೆಗಿನ ಖರ್ಚು ಅಂತ ಕಂಪನಿ ತೋರಿಸಿದ್ದು ಸುಮಾರು 1.7 ಬಿಲಿಯನ್ ಡಾಲರ್. ಸರ್ಕಾರ ನೇಮಿಸಿದ ಲೆಕ್ಕ ತಪಾಸಣೆಯವರು ಅದರಲ್ಲಿ 214 ಮಿಲಿಯನ್ ಡಾಲರ್ ಪ್ರಶ್ನಾರ್ಹ ಅಂದರು. ಆಮೇಲೆ ಸಚಿವಾಲಯದ ಮಟ್ಟದಲ್ಲಿ ಕಂಪನಿ ಜೊತೆ ಮಾತುಕತೆ ನಡೆದು ಆ ಮೊತ್ತ 3 ಮಿಲಿಯನ್‌ಗೆ ಇಳಿದುಬಿಟ್ಟಿತು! 2023ರಲ್ಲಿ ಅದು ಹೊರಬಿದ್ದಾಗ ಗದ್ದಲ ಎದ್ದಿತು. ಹಾಗೆ ಇಳಿಸೋ ಅಧಿಕಾರ ಅವರಿಗಿಲ್ಲ, 214 ಅನ್ನೋದೇ ನಮ್ಮ ನಿಲುವು ಅಂತ ಉಪಾಧ್ಯಕ್ಷ ಭರತ್ ಜಗದೇವ್ ಹೇಳಬೇಕಾಯಿತು.

ಇಲ್ಲಿ ಲಂಚ ತಿಂದರು ಅಂತ ನಾನು ಹೇಳ್ತಾ ಇಲ್ಲ. ಒಂದು ಕಡೆ ಜಗತ್ತಿನ ಅತಿ ದೊಡ್ಡ ಎಣ್ಣೆ ಕಂಪನಿಗಳಲ್ಲಿ ಒಂದರ ಲೆಕ್ಕಿಗರು, ವಕೀಲರು. ಇನ್ನೊಂದು ಕಡೆ ನಿನ್ನೆ ಮೊನ್ನೆ ತೆರೆದ ವಿಭಾಗದ ಬೆರಳೆಣಿಕೆಯ ನೌಕರರು. ಎಣ್ಣೆ ನಾಲ್ಕೂವರೆ ವರ್ಷದಲ್ಲಿ ಬರುತ್ತೆ. ಎಣ್ಣೆಯ ಲೆಕ್ಕ ನೋಡಬಲ್ಲ ಕಚೇರಿ ಅಷ್ಟರಲ್ಲಿ ತಯಾರಾಗಲ್ಲ. ನನ್ನ ಪ್ರಕಾರ ಇಡೀ ಗಯಾನಾದ ಕಥೆ ಇಷ್ಟೇ. ಹೊಸ ಬ್ಲಾಕ್‌ಗಳಿಗೆ (ಎಣ್ಣೆ ತೆಗೆಯೋಕೆ ಕಂಪನಿಗಳಿಗೆ ಕೊಡುವ ಕಡಲಿನ ಭಾಗಗಳು) 2023ರಲ್ಲಿ ಮಾಡಿದ ಮಾದರಿ ಒಪ್ಪಂದ ನೋಡಿ: ರಾಯಲ್ಟಿ ಶೇ 10, ಖರ್ಚಿನ ಮಿತಿ ಶೇ 65, ಮೇಲೆ ಶೇ 10 ಕಂಪನಿ ತೆರಿಗೆ. ಪಾಠ ಕಲಿತಿದ್ದಾರೆ. ಆದರೆ 11 ಬಿಲಿಯನ್ ಬ್ಯಾರೆಲ್ ಇರೋದು ಹಳೇ ಒಪ್ಪಂದದ ಬ್ಲಾಕಿನಲ್ಲಿ.

ಕಡಲಗೋಡೆ

ಗಯಾನಾದ ರಾಜಧಾನಿ ಜಾರ್ಜ್‌ಟೌನ್‌ನಲ್ಲಿ ಇರುವವನು ನಾನು, ಎಣ್ಣೆ ಕಂಪನಿಗಳಿಗೆ ಸಾಮಾನು ಪೂರೈಸುವ ಸಂಸ್ಥೆಯೊಂದರಲ್ಲಿ ಕೆಲಸ. ಒಪ್ಪಂದದ ಬಗ್ಗೆ ಇಲ್ಲಿನವರಿಗೆ ಬಾಯಿಪಾಠ ಆಗಿದೆ. ಮಿನಿಬಸ್‌ನಲ್ಲಿ ಕೂತರೆ ಪಕ್ಕದವರು ಶೇ 2 ರಾಯಲ್ಟಿ ಅಂತ ಬೈತಾ ಇರ್ತಾರೆ. ನಾನು ನೆಲದ ಮೇಲಿನ ವಿಷಯ ಹೇಳ್ತೀನಿ.

ಜಾರ್ಜ್‌ಟೌನ್ ಡಚ್ಚರ ಕಾಲದ ಊರು. ಭರತ ಬಂದಾಗ ಊರು ಸಮುದ್ರಕ್ಕಿಂತ ಕೆಳಗಿರುತ್ತೆ. ಅದಕ್ಕೇ ಉದ್ದಕ್ಕೂ ಕಡಲಗೋಡೆ, ಕಾಲುವೆಗಳು, ತೂಬುಗಳು. ತೂಬನ್ನ ಇಲ್ಲಿ ಕೋಕರ್ ಅಂತಾರೆ. ಇಳಿತದಲ್ಲಿ ಕೋಕರ್ ಎತ್ತಿ ಮಳೆನೀರು ಹೊರಗೆ ಬಿಡ್ತಾರೆ, ಭರತಕ್ಕೆ ಮುಂಚೆ ಇಳಿಸ್ತಾರೆ. ದೇಶದ ಜನರಲ್ಲಿ ಬಹುಪಾಲು ಈ ಕರಾವಳಿಯ ಪಟ್ಟಿಯಲ್ಲೇ ಇದ್ದಾರೆ. ಒಳಗೆಲ್ಲ ಕಾಡು.

ಈಗ ಈ ಊರಲ್ಲಿ ಎಲ್ಲಿ ನೋಡಿದರೂ ಕ್ರೇನ್. ಹೋಟೆಲ್ ಮೇಲೆ ಹೋಟೆಲ್. ಹೊಸ ಆಸ್ಪತ್ರೆಗಳು, ನಾಲ್ಕು ಲೇನ್ ರಸ್ತೆಗಳು. ಡೆಮೆರಾರಾ ನದಿಗೆ 1978ರಿಂದ ತೇಲುವ ಸೇತುವೆ ಇತ್ತು. ಹಡಗು ಹಾಯಬೇಕಾದರೆ ಮಧ್ಯದ ಭಾಗ ಸರಿಸಬೇಕು, ಅಷ್ಟು ಹೊತ್ತು ಎರಡೂ ಕಡೆ ವಾಹನ ಸಾಲುಗಟ್ಟಿ ನಿಲ್ಲಬೇಕು. ಪಶ್ಚಿಮ ದಂಡೆಯಿಂದ ಕೆಲಸಕ್ಕೆ ಬರೋರು ಕತ್ತಲಿದ್ದಾಗಲೇ ಮನೆ ಬಿಡುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಎತ್ತರದ ಹೊಸ ಸೇತುವೆ ತೆರೆದರು. ಹಡಗು ಅಡಿಯಲ್ಲಿ ಹೋಗುತ್ತೆ, ಮೇಲೆ ವಾಹನ ಓಡುತ್ತವೆ, ಟೋಲ್ ಇಲ್ಲ. ಎಣ್ಣೆಯಿಂದ ಏನೂ ಸಿಕ್ಕಿಲ್ಲ ಅನ್ನೋರಿಗೆ ನಾನು ಈ ಸೇತುವೆ ತೋರಿಸ್ತೀನಿ. ಗಯಾನಾ ವಿಶ್ವವಿದ್ಯಾಲಯದಲ್ಲಿ 2025ರಿಂದ ಫೀಸು ಇಲ್ಲ. ಶಾಲಾ ಮಕ್ಕಳಿಗೆ ವರ್ಷಕ್ಕೊಮ್ಮೆ ನಗದು ಕೊಡ್ತಾರೆ. ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಒಂದು ಲಕ್ಷ ಗಯಾನಾ ಡಾಲರ್ ಕೊಡ್ತೀವಿ ಅಂತ 2024ರಲ್ಲಿ ಘೋಷಿಸಿದರು, ಅಂದರೆ 480 ಅಮೆರಿಕನ್ ಡಾಲರ್ ಹತ್ತಿರ ಹತ್ತಿರ.

ಈಗ ಇನ್ನೊಂದು ಕಡೆ. ನಾನು ಬಂದಾಗ ಮನೆ ಬಾಡಿಗೆ ಗಯಾನಾ ಡಾಲರ್‌ನಲ್ಲಿ ಮಾತಾಡಿದ್ದೆವು. ಕರಾರು ಮುಗಿದ ಮೇಲೆ ಮಾಲೀಕರು ನಗುನಗುತ್ತಲೇ ಹೇಳಿದರು: ಇನ್ಮೇಲೆ ಅಮೆರಿಕನ್ ಡಾಲರ್, ಆಗಲ್ಲ ಅಂದರೆ ಬೇಜಾರಿಲ್ಲ, ಕಂಪನಿಯವರು ಕೇಳ್ತಾ ಇದ್ದಾರೆ. ನನಗೇನೋ ಸಂಸ್ಥೆ ಕೊಡುತ್ತೆ. ಪಕ್ಕದ ಮನೆಯ ನರ್ಸ್ ಊರಾಚೆ ಹೋದರು. ಖಾಸಗಿ ವಲಯದ ಕನಿಷ್ಠ ಸಂಬಳ 2022ರಲ್ಲಿ ತಿಂಗಳಿಗೆ 60,147 ಗಯಾನಾ ಡಾಲರ್ ಅಂತ ಮಾಡಿದರು. ಒಂದು ಅಮೆರಿಕನ್ ಡಾಲರ್‌ಗೆ 208ರ ಆಸುಪಾಸು. ನೀವೇ ಭಾಗಿಸಿ ನೋಡಿ. ಸ್ಟಾಬ್ರೂಕ್ ಮಾರುಕಟ್ಟೆಯಲ್ಲಿ ಬಾಳೆಕಾಯಿ, ಮೀನು, ಟೊಮೆಟೊ ರೇಟು ಕೇಳಿ ಹಿರಿಯರು ವಾಪಸ್ ಇಡೋದನ್ನ ನಾನು ನೋಡಿದೀನಿ.

ಕರೆಂಟ್ ಬಗ್ಗೆ ಕೇಳಲೇಬೇಡಿ. ದಿನಾ ಲಕ್ಷಾಂತರ ಬ್ಯಾರೆಲ್ ಎಣ್ಣೆ ತೆಗೆಯುವ ದೇಶ 2024ರಲ್ಲಿ ವಿದ್ಯುತ್ ಸಾಲದೆ ತುರ್ಕಿಯ ಕಂಪನಿಯಿಂದ ವಿದ್ಯುತ್ ಉತ್ಪಾದಿಸುವ ಹಡಗನ್ನೇ ಬಾಡಿಗೆಗೆ ತಂದು ಬರ್ಬಿಸ್ ನದಿಯಲ್ಲಿ ನಿಲ್ಲಿಸಿತು. 36 ಮೆಗಾವಾಟ್. ಇಲ್ಲಿ ತೈಲ ಸಂಸ್ಕರಣಾಗಾರ ಇಲ್ಲ. ಕಚ್ಚಾತೈಲ ಹೊರಗೆ ಹೋಗುತ್ತೆ, ಪೆಟ್ರೋಲ್, ಡೀಸೆಲ್ ಹೊರಗಿಂದ ಬರುತ್ತೆ.

ಸುಮ್ನೆ_ಓದ್ತೀನಿ

ಅಣ್ಣ, ಎಣ್ಣೆ ಜೊತೆ ಬರೋ ಅನಿಲ ಏನಾಗುತ್ತೆ? ಅದರಿಂದ ಕರೆಂಟ್ ಮಾಡಬಹುದಲ್ವಾ?

ಹಳೇ_ಇಂಜಿನಿಯರ್

ಅದೇ ಯೋಜನೆ ನಡೀತಾ ಇದೆ. ಈಗ ಹೆಚ್ಚಿನ ಅನಿಲವನ್ನ ಮತ್ತೆ ಬಾವಿಯೊಳಗೇ ಒತ್ತಿ ಕಳಿಸ್ತಾರೆ, ಒತ್ತಡ ಉಳೀಲಿ ಅಂತ. ಮೊದಲ ಹಡಗಿನ ಅನಿಲ ಕಂಪ್ರೆಸರ್ ಪದೇ ಪದೇ ಕೆಟ್ಟು, ಅನಿಲ ಸುಡಬೇಕಾಗಿ ಬಂದು ದೊಡ್ಡ ಟೀಕೆ ಆಯಿತು. ಈಗ ಸಮುದ್ರದ ತಳದಲ್ಲಿ ಪೈಪ್ ಹಾಕಿ ವೇಲ್ಸ್ ಅನ್ನೋ ಊರಿಗೆ ಅನಿಲ ತರೋದು, ಅಲ್ಲಿ 300 ಮೆಗಾವಾಟ್ ಸ್ಥಾವರ. ಪೈಪಿನ ಭಾಗ ಕಂಪನಿ ಮುಗಿಸಿತು. ಸ್ಥಾವರದ ಭಾಗ ಸರ್ಕಾರದ ಕಡೆಯದು, ಅದು ಹೇಳಿದ ಗಡುವು ದಾಟಿ ದಾಟಿ ಹೋಗ್ತಾ ಇದೆ. ಕಂಪನಿ ಓಡುತ್ತೆ, ಸರ್ಕಾರ ಹಿಂದೆ ಬೀಳುತ್ತೆ. ಲೆಕ್ಕದವರು ಹೇಳಿದ ಮಾತೇ ಇಲ್ಲೂ.

ಕಡಲಗೋಡೆ

ವೇಲ್ಸ್ ಅಂದ್ರಲ್ಲ, ಅದಕ್ಕೊಂದು ಮಾತು ಸೇರಿಸ್ತೀನಿ. ಅದು ಸಕ್ಕರೆ ಕಾರ್ಖಾನೆಯ ಊರು. 2016ರ ಕೊನೆಗೆ ಅದನ್ನ ಮುಚ್ಚಿದರು. ಮರುವರ್ಷ ಸ್ಕೆಲ್ಡನ್, ರೋಸ್ ಹಾಲ್, ಎನ್ಮೋರ್ ಕಡೆಯವೂ ಮುಚ್ಚಿದವು. ಸುಮಾರು 7,000 ಜನ ಕೆಲಸ ಕಳ್ಕೊಂಡರು. ಬಹುಪಾಲು ಭಾರತ ಮೂಲದವರು, 1838ರಿಂದ ಕೂಲಿಗೆ ಅಂತ ಹಡಗಿನಲ್ಲಿ ಬಂದವರ ಮರಿಮಕ್ಕಳು. ಎಣ್ಣೆ ಬರುವ ಮೊದಲೇ ಸಕ್ಕರೆ ನಷ್ಟದಲ್ಲಿತ್ತು, ಅದಕ್ಕೆ ಎಣ್ಣೆಯನ್ನ ದೂರುವ ಹಾಗಿಲ್ಲ. ಈಗ ಹೊಸ ಸರ್ಕಾರ ಕೆಲವನ್ನ ಮತ್ತೆ ತೆರೆಯಲು ದುಡ್ಡು ಸುರೀತಾ ಇದೆ. ಕಬ್ಬು ಕಡಿಯೋಕೆ ಜನ ಸಿಗ್ತಾ ಇಲ್ಲ! ಕಟ್ಟಡದ ಕೆಲಸಕ್ಕೆ ಹೋದರೆ ಬಿಸಿಲು ಅಷ್ಟೇ, ಕೂಲಿ ಜಾಸ್ತಿ. ಯಾರು ಕತ್ತಿ ಹಿಡೀತಾರೆ ಹೇಳಿ.

ಬಿಸಿಲುಮಳೆ

ಇದನ್ನೇ ಅರ್ಥಶಾಸ್ತ್ರದವರು ಡಚ್ ಕಾಯಿಲೆ ಅನ್ನೋದು. 1959ರಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಅನಿಲ ಸಿಕ್ಕ ಮೇಲೆ ಅಲ್ಲಿನ ಉಳಿದ ಕಾರ್ಖಾನೆಗಳು ಸೊರಗಿದ್ದನ್ನ ನೋಡಿ ಬಂದ ಹೆಸರು.

ನನಗೆ ಅದಕ್ಕಿಂತ ಹೆಚ್ಚು ಚಿಂತೆ ರಾಜಕೀಯದ್ದು. ಗಯಾನಾದಲ್ಲಿ ಎರಡು ದೊಡ್ಡ ಪಕ್ಷಗಳು. ಒಂದಕ್ಕೆ ಭಾರತ ಮೂಲದವರ ಬೆಂಬಲ, ಇನ್ನೊಂದಕ್ಕೆ ಆಫ್ರಿಕಾ ಮೂಲದವರ ಬೆಂಬಲ. ಆ ಎರಡು ಪಕ್ಷಗಳ ಹಳೇ ನಾಯಕರಾದ ಚೆಡ್ಡಿ ಜೇಗನ್, ಫೋರ್ಬ್ಸ್ ಬರ್ನಮ್ ಕಾಲದಿಂದ ಹೀಗೇ. ಎಣ್ಣೆ ಬರುವ ಹೊತ್ತಿಗೆ ಏನಾಯಿತು ನೋಡಿ. 2018ರ ಡಿಸೆಂಬರ್‌ನಲ್ಲಿ ಅವಿಶ್ವಾಸ ನಿರ್ಣಯ. 65 ಜನರ ಸಂಸತ್ತಿನಲ್ಲಿ ಆಡಳಿತ ಪಕ್ಷದ ಒಬ್ಬ ಸದಸ್ಯ ಆ ಕಡೆ ಮತ ಹಾಕಿ 33-32ರಲ್ಲಿ ಗ್ರೇಂಜರ್ ಸರ್ಕಾರ ಬಿತ್ತು. 65ರಲ್ಲಿ ಬಹುಮತ ಅಂದರೆ 33 ಅಲ್ಲ, 34 ಅಂತ ಸರ್ಕಾರದ ಕಡೆಯವರು ವಾದ ಹೂಡಿದರು! ಅದು ಕೆರಿಬಿಯನ್ ಕೋರ್ಟ್‌ವರೆಗೆ ಹೋಗಿ 33 ಸಾಕು ಅಂತ ತೀರ್ಮಾನ ಆಯಿತು.

ಆಮೇಲೆ 2020ರ ಮಾರ್ಚ್‌ನಲ್ಲಿ ಚುನಾವಣೆ. ಎಣ್ಣೆ ಹಣ ಬರಲು ಶುರುವಾದ ಸಮಯ ಅದು. ಫಲಿತಾಂಶ ಘೋಷಿಸಲು ಐದು ತಿಂಗಳು ಹಿಡಿಯಿತು. ಮರುಎಣಿಕೆ, ಕೋರ್ಟು, ಅಮೆರಿಕದ ಒತ್ತಡ, ಎಲ್ಲ ಆಗಿ ಆಗಸ್ಟ್ 2ಕ್ಕೆ ವಿರೋಧ ಪಕ್ಷದ ಇರ್ಫಾನ್ ಅಲಿ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಖಜಾನೆ ಖಾಲಿ ಇದ್ದಾಗ ಸೋತವರು ಐದು ವರ್ಷ ಕಾಯ್ತಾರೆ. ಖಜಾನೆ ತುಂಬೋ ಹೊತ್ತಿಗೆ ಸೋಲೋಕೆ ಯಾರಿಗೆ ಮನಸ್ಸು ಬರುತ್ತೆ?

ಓದುಗುಳಿ

ನಾರ್ವೆ ಹಾಗೆ ಹಣವನ್ನ ಎತ್ತಿಟ್ಟರೆ ಈ ಜಗಳವೇ ಇರಲ್ಲ ಅಲ್ವಾ? ಅವರಲ್ಲೂ ಅಂಥ ನಿಧಿ ಇದೆಯಂತಲ್ಲ.

ಲೆಕ್ಕದ_ಪುಸ್ತಕ

ಇದೆ. ನ್ಯಾಚುರಲ್ ರಿಸೋರ್ಸ್ ಫಂಡ್. ದುಡ್ಡು ಇರೋದು ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕಿನ ಖಾತೆಯಲ್ಲಿ. 2019ರಲ್ಲಿ ಒಂದು ಕಾನೂನು ಮಾಡಿದರು. 2021ರ ಡಿಸೆಂಬರ್ ಕೊನೆಗೆ ಹೊಸ ಸರ್ಕಾರ ಅದನ್ನ ತೆಗೆದು ಬೇರೆ ಕಾನೂನು ತಂದಿತು. ಅವತ್ತು ಸಂಸತ್ತಿನಲ್ಲಿ ವಿರೋಧ ಪಕ್ಷದವರು ಸ್ಪೀಕರ್ ಮುಂದಿನ ರಾಜದಂಡಕ್ಕೇ ಕೈಹಾಕಿ ಎಳೆದಾಡಿದರು.

ಹೊಸ ಕಾನೂನಿನ ಲೆಕ್ಕ ಸರಳ: ಹಿಂದಿನ ವರ್ಷ ಬಂದ ಹಣದಲ್ಲಿ ಮೊದಲ 500 ಮಿಲಿಯನ್ ಅಮೆರಿಕನ್ ಡಾಲರ್ ಪೂರ್ತಿ ತೆಗೀಬಹುದಿತ್ತು, ಮುಂದಿನ 500ರಲ್ಲಿ ಶೇ 75, ಆಮೇಲೆ ಅರ್ಧ, ಹೀಗೆ ಇಳೀತಾ ಹೋಗುತ್ತಿತ್ತು. 2024ರಲ್ಲಿ ಈ ಮಿತಿಯನ್ನೂ ಏರಿಸಿದರು. 2024ರ ಕೊನೆಗೆ ನಿಧಿಯಲ್ಲಿ 3 ಬಿಲಿಯನ್ ಡಾಲರ್ ದಾಟಿತ್ತು. ಬಜೆಟ್ ನೋಡಿ: 2019ರಲ್ಲಿ 300 ಬಿಲಿಯನ್ ಗಯಾನಾ ಡಾಲರ್, 2025ರಲ್ಲಿ 1,382 ಬಿಲಿಯನ್. ನಾಲ್ಕೂವರೆ ಪಟ್ಟು. ಇಷ್ಟು ಹಣವನ್ನ ಇಷ್ಟು ಬೇಗ ಖರ್ಚು ಮಾಡೋಕೆ ಅಷ್ಟು ಇಂಜಿನಿಯರುಗಳು, ಗುತ್ತಿಗೆದಾರರು, ಮೇಲ್ವಿಚಾರಕರು ಎಲ್ಲಿದ್ದಾರೆ?

ನಾರ್ವೆ ಉದಾಹರಣೆ ಎಲ್ಲರೂ ಕೊಡ್ತಾರೆ. 1969ರಲ್ಲಿ ಎಕೋಫಿಸ್ಕ್‌ನಲ್ಲಿ ಎಣ್ಣೆ ಸಿಕ್ಕಾಗಲೇ ನಾರ್ವೆ ಶ್ರೀಮಂತ ದೇಶ. ಹಡಗು ಕಟ್ಟೋರಿದ್ದರು, ಒಳ್ಳೆ ಆಡಳಿತ ಇತ್ತು. ಹಾಗಿದ್ದೂ ನಿಧಿಗೆ ಮೊದಲ ಹಣ ಹಾಕಿದ್ದು 1996ರಲ್ಲಿ! ಆಸ್ಪತ್ರೆಯೇ ಇಲ್ಲದ ಊರಿಗೆ ಹೋಗಿ, ನಿಮ್ಮ ದುಡ್ಡು ನ್ಯೂಯಾರ್ಕ್‌ನಲ್ಲಿ ಭದ್ರವಾಗಿದೆ, ಮೊಮ್ಮಕ್ಕಳಿಗೆ ಸಿಗುತ್ತೆ ಅಂತ ಹೇಳೋಕಾಗುತ್ತಾ?

ಬಿಸಿಲುಮಳೆ

ಹೋಲಿಸೋದಾದರೆ ಪೂರ್ವ ಟಿಮೋರ್ ಜೊತೆ ಹೋಲಿಸಿ. 2002ರಲ್ಲಿ ಸ್ವತಂತ್ರ ಆದ ಪುಟ್ಟ ದೇಶ. 2005ರಲ್ಲೇ ನಾರ್ವೆ ಮಾದರಿಯ ನಿಧಿ ಮಾಡಿತು. ಕಾನೂನು ಎಲ್ಲರೂ ಹೊಗಳುವಂಥದ್ದು. ಆದರೆ ಕಾನೂನು ಹೇಳಿದ ಮಿತಿಗಿಂತ ಹೆಚ್ಚು ಹಣವನ್ನ ಸಂಸತ್ತಿನ ಒಪ್ಪಿಗೆಯಿಂದಲೇ ಹಲವಾರು ವರ್ಷ ತೆಗೆದರು. ಬಾಯು-ಉಂಡಾನ್ ಕ್ಷೇತ್ರ ಈಗ ಬರಿದಾಗಿದೆ. ಮುಂದಿನ ದೊಡ್ಡ ಕ್ಷೇತ್ರ ಗ್ರೇಟರ್ ಸನ್‌ರೈಸ್‌ನ ಪೈಪ್ ಯಾವ ಕಡೆ ಹೋಗಬೇಕು ಅನ್ನೋ ಜಗಳ ವರ್ಷಗಟ್ಟಲೆ ಎಳೆಯಿತು. ಇಷ್ಟೆಲ್ಲ ಹಣ ಇದ್ದೂ ಅಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳ ಬೆಳವಣಿಗೆ ಕುಂಠಿತ.

ಕೆಟ್ಟ ಉದಾಹರಣೆ ಬೇಕಾದರೆ ಈಕ್ವಟೋರಿಯಲ್ ಗಿನಿ. 1979ರಿಂದ ಒಬ್ಬನೇ ಅಧ್ಯಕ್ಷ, ಒಬಿಯಾಂಗ್. 1990ರ ದಶಕದಲ್ಲಿ ಎಣ್ಣೆ ಬಂತು. ಮಗ ಪ್ಯಾರಿಸ್‌ನಲ್ಲಿ ನೂರು ಕೋಣೆಗಳ ಬಂಗಲೆ ಕೊಂಡ. ಫ್ರಾನ್ಸ್ ಕೋರ್ಟು 2017ರಲ್ಲಿ ಅವನನ್ನ ಅಪರಾಧಿ ಅಂದಿತು. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಅವನ 25 ಐಷಾರಾಮಿ ಕಾರುಗಳನ್ನ ಜಪ್ತಿ ಮಾಡಿ 2019ರಲ್ಲಿ ಹರಾಜು ಹಾಕಿದರು. ಅವನೇ ಆ ದೇಶದ ಉಪಾಧ್ಯಕ್ಷ! ಅಲ್ಲಿ ಈಗ ಎಣ್ಣೆ ಇಳಿಮುಖ.

ಹಳೇ_ಇಂಜಿನಿಯರ್

ಬೋಟ್ಸ್ವಾನಾ ಮರೀಬೇಡಿ. ಅದು ಎಣ್ಣೆ ಅಲ್ಲ, ವಜ್ರ. 1966ರಲ್ಲಿ ಸ್ವತಂತ್ರ ಆದಾಗ ಕಡುಬಡ ದೇಶ, ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ವಜ್ರದ ಕಂಪನಿ ಡಿ ಬೀರ್ಸ್ ಜೊತೆ ಮತ್ತೆ ಮತ್ತೆ ಕೂತು ಮಾತಾಡಿ ಅಲ್ಲಿನ ಗಣಿ ಕಂಪನಿ ಡೆಬ್ಸ್ವಾನಾದಲ್ಲಿ ಅರ್ಧ ಪಾಲು ತಗೊಂಡರು. ಸಣ್ಣ ಬಡ ದೇಶ ಅಂದ ಕೂಡಲೇ ಮೋಸ ಹೋಗೋದು ಹಣೆಬರಹ ಅಂತೇನಿಲ್ಲ.

ಬಿಸಿಲುಮಳೆ

ಅದನ್ನೇ ನಾನೂ ಕೇಳೋದು ಸರ್. ಬೋಟ್ಸ್ವಾನಾ ಮತ್ತೆ ಕೂತು ಮಾತಾಡಬಹುದಾದರೆ ಗಯಾನಾ ಯಾಕೆ ಮಾತಾಡಲ್ಲ? ಅಲಿ ಅವರ ಪಕ್ಷ ವಿರೋಧದಲ್ಲಿದ್ದಾಗ ಒಪ್ಪಂದ ಬೈತಾ ಇತ್ತು. ಅಧಿಕಾರಕ್ಕೆ ಬಂದ ಮೇಲೆ ಸಹಿ ಹಾಕಿದ್ದು ಹಾಕಿದ್ದೇ ಅಂತಿದೆ.

ಕಡಲಗೋಡೆ

ಮೇಡಂ, ಅದಕ್ಕೆ ಉತ್ತರ ಪಶ್ಚಿಮದ ಗಡಿಯಲ್ಲಿದೆ. ಎಸೆಕ್ವಿಬೋ ಅಂದರೆ ಈ ದೇಶದ ಮೂರನೇ ಎರಡು ಭಾಗ. 1899ರ ಪ್ಯಾರಿಸ್ ತೀರ್ಪಿನಲ್ಲಿ ಅದು ಆಗಿನ ಬ್ರಿಟಿಷ್ ಗಯಾನಾಗೆ ಬಂತು. ಆ ತೀರ್ಪೇ ಅನ್ಯಾಯದ್ದು ಅನ್ನೋದು ವೆನೆಜುವೆಲಾ ವಾದ. 2018ರಿಂದ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ಕೇಸು ಇದೆ. 2023ರ ಡಿಸೆಂಬರ್ 3ಕ್ಕೆ ವೆನೆಜುವೆಲಾ ಜನಮತ ಸಂಗ್ರಹ ಮಾಡಿ ಎಸೆಕ್ವಿಬೋವನ್ನ ತನ್ನ ಹೊಸ ರಾಜ್ಯ ಅಂತ ನಕ್ಷೆಯಲ್ಲಿ ಸೇರಿಸಿಕೊಂಡಿತು. ಆ ವಾರ ಇಲ್ಲಿ ಜನ ನಿಜವಾಗಲೂ ಹೆದರಿದ್ದರು. ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಅಮೆರಿಕದ ಮಿಲಿಟರಿ ವಿಮಾನಗಳು ಹಾರಾಡಿದ ಮೇಲೆ ಜನ ಸ್ವಲ್ಪ ಉಸಿರು ಬಿಟ್ಟರು. ಅಂಥ ಹೊತ್ತಲ್ಲಿ ಎಕ್ಸಾನ್ ಜೊತೆ ಯಾರು ಜಗಳ ತೆಗೀತಾರೆ?

ಆದರೂ ಅಸಮಾಧಾನ ಮತದಲ್ಲಿ ಕಾಣುತ್ತೆ. 2025ರ ಸೆಪ್ಟೆಂಬರ್ ಚುನಾವಣೆಯಲ್ಲಿ ಅಲಿ ಮತ್ತೆ ಗೆದ್ದರು. ಆದರೆ ಎರಡನೇ ಸ್ಥಾನಕ್ಕೆ ಬಂದದ್ದು ಕೆಲವೇ ತಿಂಗಳ ಹಿಂದೆ ಹುಟ್ಟಿದ ವಿನ್ ಪಕ್ಷ. ಹಳೇ ವಿರೋಧ ಪಕ್ಷ ಮೂರನೇ ಸ್ಥಾನಕ್ಕೆ ಕುಸಿಯಿತು. ಜಾತಿ ಜನಾಂಗ ನೋಡಿ ಓಟು ಹಾಕ್ತಿದ್ದ ಊರುಗಳಲ್ಲೂ ಹುಡುಗರು ವಿನ್ ಕಡೆ ಹಾರಿದರು.

ಸುಮ್ನೆ_ಓದ್ತೀನಿ

ಅಣ್ಣ, ನಾನು ಅಲ್ಲಿಗೆ ಬಂದರೆ ಕೆಲಸ ಸಿಗುತ್ತಾ? ಗಂಭೀರವಾಗಿಯೇ ಕೇಳ್ತಾ ಇದೀನಿ.

ಕಡಲಗೋಡೆ

ಕೈಕಸುಬು ಇದ್ದರೆ ಸಿಗುತ್ತೆ. ವೆಲ್ಡಿಂಗ್, ಎಲೆಕ್ಟ್ರಿಕಲ್, ಸರ್ವೆ, ನರ್ಸಿಂಗ್. ಆದರೆ 2021ರ ಲೋಕಲ್ ಕಂಟೆಂಟ್ ಕಾನೂನು ಓದ್ಕೊಂಡು ಬನ್ನಿ. ಊಟ ಪೂರೈಕೆ, ಸಾರಿಗೆ, ಭದ್ರತೆ, ಬಾಡಿಗೆ ವಸತಿ ಹೀಗೆ 40 ಬಗೆಯ ಸೇವೆಗಳಲ್ಲಿ ಇಂತಿಷ್ಟು ಪಾಲು ಇಲ್ಲಿನವರದ್ದೇ ಇರಬೇಕು. ಕೆಲವರು ಹೆಸರಿಗೆ ಒಬ್ಬ ಗಯಾನಾದವನನ್ನ ಮಾಲೀಕ ಮಾಡಿ ಹಿಂದೆ ತಾವೇ ವ್ಯವಹಾರ ಮಾಡ್ತಾರೆ. ಅಂಥವರ ಕೈಗೆ ಸಿಕ್ಕಿಹಾಕ್ಕೋಬೇಡಿ. ಬಾಡಿಗೆ ಯಾರು ಕೊಡ್ತಾರೆ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ.

ಓದುಗುಳಿ

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೊಂದು ಪ್ರಶ್ನೆ. ಜಿಡಿಪಿ ಬಿಟ್ಟು ಇನ್ಮೇಲೆ ನಾನು ಯಾವ ಅಂಕಿ ಗಮನಿಸಬೇಕು?

ಲೆಕ್ಕದ_ಪುಸ್ತಕ

ಖರ್ಚಿನ ಬಾಬ್ತಿನಲ್ಲಿ ಇನ್ನೂ ಎಷ್ಟು ಬಾಕಿ ಇದೆ ಅನ್ನೋದು. ಅದು ಕರಗಿದರೆ ಆ 75 ಪೂರ್ತಿ ಕಡಿತ ಆಗಲ್ಲ, ಸರ್ಕಾರದ ಪಾಲು ಏಕಾಏಕಿ ಜಿಗಿಯುತ್ತೆ. ಈಗ ಬರ್ತಾ ಇರೋದು ಬರೀ ಮುಂಗಡ ಅನ್ನಿ. ಹಾಗಾಗಿ 214 ಮಿಲಿಯನ್ ಏನಾಯಿತು, ನಂತರದ ವರ್ಷಗಳ ತಪಾಸಣೆ ಏನಾಯಿತು ಅಂತ ಹಿಂಬಾಲಿಸಿ.

ಕಡಲಗೋಡೆ

ನಾನಾದರೆ ನರ್ಸ್, ಮೇಷ್ಟ್ರುಗಳಲ್ಲಿ ಎಷ್ಟು ಜನ ದೇಶ ಬಿಟ್ಟು ಹೋಗ್ತಾ ಇದ್ದಾರೆ ಅಂತ ನೋಡ್ತೀನಿ. ಪಕ್ಕದ ಮನೆಯಿಂದ ಊರಾಚೆ ಹೋದ ಆ ನರ್ಸ್ ಈಗ ಬಾರ್ಬಡೋಸ್‌ಗೆ ಅರ್ಜಿ ಹಾಕಿದ್ದಾರೆ.

ಲೆಕ್ಕದ_ಪುಸ್ತಕ

ಅವರ ಸಂಬಳ ಏರಿಸೋಕೂ ಆ ಬಾಬ್ತು ಕರಗಬೇಕಲ್ಲ ಸ್ವಾಮಿ.

ಕಡಲಗೋಡೆ

ಸೇತುವೆಗೆ ದುಡ್ಡಿತ್ತು, ಅದಕ್ಕೆ ಯಾರೂ ಕಾಯಲಿಲ್ಲ. ಅರ್ಜಿಗೆ ಉತ್ತರ ಮುಂದಿನ ತಿಂಗಳು ಬರುತ್ತಂತೆ.